ರೊಟ್ಟಿ ವ್ಯಾಪಾರ ಬಿಡಲೋ, ಬೆಳೆಸಲೋ? ಮೊದಲು ಸಂಜೆಯ ಲೆಕ್ಕ ನೋಡೋಣ

ಪ್ರಶ್ನೆ: ಸರ್, ನಾವು ಧಾರವಾಡದವರು. ಆರು ವರ್ಷದಿಂದ ಮನೆಯಲ್ಲೇ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. ದಿನಕ್ಕೆ 250 ರೊಟ್ಟಿ ಆಗುತ್ತದೆ. ಅದರಲ್ಲಿ 170 ಖಡಕ್ ರೊಟ್ಟಿ, ಒಂದಕ್ಕೆ 8 ರೂಪಾಯಿ. ಉಳಿದ 80 ಮೆತ್ತನೆ ರೊಟ್ಟಿ ಹತ್ತಿರದ ಒಂದು ಖಾನಾವಳಿಗೆ 6 ರೂಪಾಯಿಯಂತೆ ಹೋಗುತ್ತದೆ. ಮಧ್ಯಾಹ್ನಕ್ಕೆ 40, ರಾತ್ರಿ ಊಟಕ್ಕೆ 40. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ ತಿಂಗಳಿಗೆ 80 ಕಿಲೊ, ಕಿಲೊಗೆ 400 ರೂಪಾಯಿ. ಪುಣೆಗೂ ಕೊರಿಯರ್ ಮಾಡುತ್ತೇನೆ. ಇಬ್ಬರು ಹೆಣ್ಣುಮಕ್ಕಳು ಬೆಳಿಗ್ಗೆ 9ರಿಂದ 3ರವರೆಗೆ ಕೆಲಸಕ್ಕೆ ಬರುತ್ತಾರೆ. ದಿನಕ್ಕೆ ತಲಾ 350 ಪಗಾರ, ರವಿವಾರ ಸೂಟಿ. ತಿಂಗಳಿಗೆ ಸುಮಾರು 87 ಸಾವಿರ ವ್ಯಾಪಾರ, ಎಲ್ಲಾ ಖರ್ಚು ಕಳೆದು 26 ಸಾವಿರ ಉಳಿಯುತ್ತದೆ.

ನಾನು ದಿನಕ್ಕೆ ಒಂಬತ್ತು ತಾಸು ಇದರಲ್ಲೇ ಇರುತ್ತೇನೆ. ಅತ್ತೆ ಮೂರು ತಾಸು ಹಂಚಿನ ಮುಂದೆ ಕೂರುತ್ತಾರೆ, ಈಗ ಅವರಿಗೆ ಮೊಣಕಾಲು ನೋವು. ಮಗಳು ಎಸ್‌ಎಸ್‌ಎಲ್‌ಸಿ. ಅವಳೂ ಒಂದು ತಾಸು ಪ್ಯಾಕಿಂಗ್ ಮಾಡುತ್ತಾಳೆ. ಮೊನ್ನೆ ಅವಳು "ಈ ಮನೇಲಿ ರೊಟ್ಟಿ ಬಿಟ್ಟು ಬೇರೆ ಮಾತೇ ಇಲ್ಲ" ಎಂದು ಅತ್ತುಬಿಟ್ಟಳು. ನಮ್ಮ ಮನೆಯವರಿಗೆ ಒಂದು ಕಾರ್ಖಾನೆಯಲ್ಲಿ 20 ಸಾವಿರ ಪಗಾರದ ಕೆಲಸ ಇದೆ. "ನೌಕರಿ ಬಿಟ್ಟು ಬರ್ತೀನಿ, 5 ಲಕ್ಷ ಸಾಲ ತೆಗೆದು ಅಂಗಡಿ ಹಾಕೋಣ, ಆಗ ಮನೆ ಮನೆಯಾಗಿ ಇರುತ್ತದೆ" ಅನ್ನುತ್ತಾರೆ. ಅತ್ತೆ ಎಲ್ಲಾ ಬಿಟ್ಟುಬಿಡು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಲೆಕ್ಕ ಇಷ್ಟು ಬಿಡಿಸಿ ಬರೆದಿದ್ದಕ್ಕೆ ಮೊದಲು ಧನ್ಯವಾದ. ನನ್ನ ಹತ್ತಿರ ಬರುವ ಸಣ್ಣ ಉದ್ದಿಮೆದಾರರಲ್ಲಿ ಹೆಚ್ಚಿನವರಿಗೆ ತಿಂಗಳ ಕೊನೆಗೆ ಎಷ್ಟು ಉಳಿಯಿತು ಅನ್ನೋದೇ ಗೊತ್ತಿರುವುದಿಲ್ಲ. ನಿಮ್ಮ ಚಿಂತೆ ನನಗೆ ಹೀಗೆ ಕಂಡಿತು: ವ್ಯಾಪಾರ ಚೆನ್ನಾಗಿದೆ, ಆದರೆ ಅದು ಮನೆಯನ್ನು ತಿನ್ನುತ್ತಿದೆ. ಆದ್ದರಿಂದ ವ್ಯಾಪಾರ ಬಿಡಬೇಕು, ಇಲ್ಲವೇ ಮನೆಯಿಂದ ಹೊರಗೆ ಹಾಕಬೇಕು. ಈ ಎರಡೇ ದಾರಿ ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೀರಿ.

ನಾನು ಲೆಕ್ಕ ನೋಡುವವನು. ಲೆಕ್ಕದ ಕಡೆಯಿಂದಲೇ ಹೇಳುತ್ತೇನೆ.

ನೀವು ಒಂಬತ್ತು ತಾಸು, ಅತ್ತೆ ಮೂರು, ಮಗಳು ಒಂದು. ಒಟ್ಟು ಹದಿಮೂರು ತಾಸು. ರವಿವಾರವೂ ಕೆಲಸ ನಡೆಯುವುದರಿಂದ ತಿಂಗಳಿಗೆ 390 ತಾಸು. 26 ಸಾವಿರವನ್ನು ಅದರಿಂದ ಭಾಗಿಸಿದರೆ ತಾಸಿಗೆ 67 ರೂಪಾಯಿ ಬರುತ್ತದೆ. ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಆರು ತಾಸಿಗೆ 350 ಅಂದರೆ ತಾಸಿಗೆ 58 ರೂಪಾಯಿ. ಜೋಳ ತರುವ ಬಂಡವಾಳ ನಿಮ್ಮದು, ಉದ್ರಿ ವಸೂಲಿ ನಿಮ್ಮದು, ರೊಟ್ಟಿ ಮುರಿದರೆ ನಷ್ಟ ನಿಮ್ಮದು, ರಾತ್ರಿ ಹತ್ತಕ್ಕೆ ಬರುವ ವಾಟ್ಸಾಪ್ ಆರ್ಡರೂ ನಿಮ್ಮದೇ. ಇಷ್ಟೆಲ್ಲಕ್ಕೂ ಮಾಲೀಕರಿಗೆ ಸಿಗುತ್ತಿರುವುದು ತಾಸಿಗೆ ಒಂಬತ್ತು ರೂಪಾಯಿ ಜಾಸ್ತಿ. 26 ಸಾವಿರವನ್ನು ನೀವು ಲಾಭ ಅಂದುಕೊಂಡಿದ್ದೀರಿ. ಅದು ಮೂರು ಜನರ ಕೂಲಿ. ಇಬ್ಬರಿಗೆ ಕೊಡುತ್ತಿಲ್ಲ, ಅಷ್ಟೇ.

ಇನ್ನು ಸಂಜೆಯ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಖಾನಾವಳಿಯ ರಾತ್ರಿ ಊಟಕ್ಕೆ ಹೋಗುವ 40 ರೊಟ್ಟಿ. ಕೆಲಸದವರು ಮೂರಕ್ಕೇ ಹೋಗುತ್ತಾರೆ. ಹಾಗಾದರೆ ಈ 40 ರೊಟ್ಟಿ ಬಡಿದು, ಬೇಯಿಸಿ, ಬಿಸಿ ಇರುವಾಗಲೇ ಮುಟ್ಟಿಸುವುದು ನೀವು ಮತ್ತು ಅತ್ತೆ. ಸಾಮಾನು ಹೊಂದಿಸಿ, ಹಂಚು ಕಾಯಿಸಿ, ಕೊನೆಗೆ ಒಲೆ ಒರೆಸುವವರೆಗೆ ಎರಡು ತಾಸು ಹಿಡಿಯೋಣ. ಹಿಟ್ಟು, ಗ್ಯಾಸು ಸೇರಿ ಒಂದು ರೊಟ್ಟಿಗೆ ಮೂರೂವರೆ ರೂಪಾಯಿ ಬೀಳುತ್ತದೆ ಅಂದರೆ ಉಳಿಯುವುದು ಎರಡೂವರೆ. ನಲವತ್ತಕ್ಕೆ 100 ರೂಪಾಯಿ, ತಿಂಗಳಿಗೆ 3,000. ಇಬ್ಬರ ಎರಡೆರಡು ತಾಸು ತಿಂಗಳಿಗೆ 120 ತಾಸು. ತಾಸಿಗೆ 25 ರೂಪಾಯಿ.

ಮಗಳು ಶಾಲೆಯಿಂದ ಬಂದು, ಚಹಾ ಕುಡಿದು, ನಿಮ್ಮ ಹತ್ತಿರ ಏನಾದರೂ ಹೇಳಬೇಕು ಅನ್ನುವ ಹೊತ್ತು ಅದು. ನಿಮ್ಮಲ್ಲಿ ಕೆಲಸ ಮಾಡುವ ಯಾರೂ ಒಪ್ಪದ ಕೂಲಿಗೆ ಆ ಹೊತ್ತನ್ನು ಖಾನಾವಳಿಗೆ ಕೊಡುತ್ತಿದ್ದೀರಿ. ಖಾನಾವಳಿಯವರ ತಪ್ಪು ಇದರಲ್ಲಿ ಏನೂ ಇಲ್ಲ. ಅಗ್ಗಕ್ಕೆ ಸಿಕ್ಕರೆ ಯಾರು ಬೇಡ ಅನ್ನುತ್ತಾರೆ?

ನನ್ನ ಮಟ್ಟಿಗೆ ಮನೆ-ವ್ಯಾಪಾರದ ಜಗಳದಲ್ಲಿ ಬಹಳ ಸಲ ಆಗುವುದು ಇದೇ. ನಾವು "ಟೈಮ್ ಸಾಲಲ್ಲ" ಅನ್ನುತ್ತೇವೆ. ಬಿಚ್ಚಿ ನೋಡಿದರೆ ಬೆಲೆ ಸಾಲದೆ ಇರುತ್ತದೆ. ಬೆಲೆ ಕಡಿಮೆ ಇದ್ದಾಗ ಕೊರತೆ ತುಂಬಲು ಜಾಸ್ತಿ ಮಾಡಬೇಕು. ಜಾಸ್ತಿ ಮಾಡಲು ಮನೆಯವರ ಪುಕ್ಕಟೆ ದುಡಿಮೆ ಬೇಕು. ಮನೆಯವರು ಯಾವತ್ತೂ ಬಿಲ್ಲು ಕಳಿಸುವುದಿಲ್ಲ, ಹಾಗಾಗಿ ಪ್ರತಿ ಆರ್ಡರೂ ಲಾಭದ್ದೇ ಅನಿಸುತ್ತದೆ.

"ಬೆಲೆ ಏರಿಸಿದರೆ ಗಿರಾಕಿ ಹೋಗ್ತಾರೆ" ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಒಂದಷ್ಟು ಮಂದಿ ಹೋಗುವುದು ನಿಜ. ಎಷ್ಟು ಹೋದರೆ ನಷ್ಟ ಅನ್ನುವುದನ್ನು ನೋಡಬೇಕು. ಖಡಕ್ ರೊಟ್ಟಿಗೆ ಒಂದು ರೂಪಾಯಿ ಏರಿಸಿ, 9 ಮಾಡಿ. ಹತ್ತರಲ್ಲಿ ಒಬ್ಬ ಗಿರಾಕಿ ಬಿಟ್ಟುಹೋದ ಅಂತಲೇ ಇಟ್ಟುಕೊಳ್ಳೋಣ. 170ರ ಬದಲು 153 ರೊಟ್ಟಿ. 153ಕ್ಕೆ 9ರಂತೆ 1,377 ರೂಪಾಯಿ. ಈಗ ಬರುತ್ತಿರುವುದು 1,360. ಹದಿನೇಳು ರೊಟ್ಟಿಯ ಹಿಟ್ಟು-ಗ್ಯಾಸು ಸುಮಾರು 60 ರೂಪಾಯಿ ಉಳಿಯಿತು. ದಿನಕ್ಕೆ 77 ರೂಪಾಯಿ ಹೆಚ್ಚಾಯಿತು, ತಿಂಗಳಿಗೆ 2,300. ಸಂಜೆಯ ಖಾನಾವಳಿ ಬಿಟ್ಟರೆ ಹೋಗುವ 3,000ದಲ್ಲಿ ಮುಕ್ಕಾಲು ಭಾಗ ಇಲ್ಲೇ ವಾಪಸ್ ಬಂತು. ಉಳಿದ 700 ರೂಪಾಯಿಗೆ ದಿನಾ ಸಂಜೆ ನಿಮ್ಮದು, ಅತ್ತೆಯ ಮೊಣಕಾಲಿಗೆ ಎರಡು ತಾಸು ಬಿಡುವು. ಆರು ವರ್ಷದ ಗಿರಾಕಿಗಳು ನಿಮ್ಮ ಕೈರುಚಿಗೆ ಬಂದವರು. ಒಂದು ರೂಪಾಯಿಗೆ ಹತ್ತರಲ್ಲಿ ಒಬ್ಬರೂ ಹೋಗಲಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ. ಆದರೂ ಲೆಕ್ಕ ಕೆಟ್ಟದ್ದಕ್ಕೇ ಹಾಕಿ ನೋಡಬೇಕು.

ಇಲ್ಲೊಂದು ಎಚ್ಚರಿಕೆ. ರೊಟ್ಟಿಗೆ ನೀವು ಮನೆಯ 14.2 ಕಿಲೊ ಸಿಲಿಂಡರನ್ನೇ ಬಳಸುತ್ತಿದ್ದರೆ ಆ ಮೂರೂವರೆ ರೂಪಾಯಿ ಸುಳ್ಳು ಲೆಕ್ಕ. ವ್ಯಾಪಾರಕ್ಕೆ ಮನೆಬಳಕೆ ಸಿಲಿಂಡರ್ ಬಳಸುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ, 19 ಕಿಲೊದ ವಾಣಿಜ್ಯ ಸಿಲಿಂಡರ್ ತೆಗೆದುಕೊಳ್ಳಬೇಕು. ಆ ದರ ಹಾಕಿ ಲೆಕ್ಕ ಮಾಡಿದರೆ ಖಾನಾವಳಿಯ ರೊಟ್ಟಿಯಲ್ಲಿ ಏನು ಉಳಿಯುತ್ತದೆ ಅಂತ ನೀವೇ ನೋಡಿ.

ರವಿವಾರದ ಬಗ್ಗೆ ಒಂದು ಮಾತು. ಕೆಲಸದವರಿಗೆ ಸೂಟಿ, ಮನೆಯವರಿಗೆ ಇಲ್ಲ. ಹಾಗಾಗಿ ವಾರದಲ್ಲಿ ಮೂರೂ ಮಂದಿಗೆ ಹೆಚ್ಚು ಕೆಲಸ ಬೀಳುವುದು, ಮಗಳು ಇಡೀ ದಿನ ಮನೆಯಲ್ಲಿರುವ ದಿನವೇ. ನಮ್ಮ ಕಡೆ ರೈತರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಲದಲ್ಲಿ ಎಷ್ಟೇ ಕೆಲಸ ಇರಲಿ, ಇಡುವುದಿಲ್ಲ. ನಿಮಗೂ ಅಂಥ ಒಂದು ದಿನ ಬೇಕು. ಖಡಕ್ ರೊಟ್ಟಿಯ ದೊಡ್ಡ ಅನುಕೂಲ ಅಂದರೆ ಅದು ಕೆಡುವುದಿಲ್ಲ. ರವಿವಾರದ ರೊಟ್ಟಿ ಶುಕ್ರವಾರ, ಶನಿವಾರ ಕೆಲಸದವರು ಇರುವಾಗಲೇ ಆಗಲಿ. ಅವರಿಗೆ ಆ ಎರಡು ದಿನ ಒಂದು ತಾಸು ಹೆಚ್ಚಿಗೆ ಪಗಾರ ಕೊಟ್ಟರೂ ನಿಮಗೆ ನಷ್ಟವಿಲ್ಲ. ರವಿವಾರ ಮಧ್ಯಾಹ್ನದ ಮೆತ್ತನೆ ರೊಟ್ಟಿ ಮಾತ್ರ ತಪ್ಪುತ್ತದೆ. ಖಾನಾವಳಿಯವರಿಗೆ ಮೊದಲೇ ಹೇಳಿಬಿಡಿ.

ಇನ್ನು ನಿಮ್ಮ ಮನೆಯವರ ಯೋಜನೆ. ಮನಸ್ಸು ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಅಂಗಡಿ ಹಾಕಿದರೆ ಮನೆ ಹಗುರವಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಂಗಡಿಗೆ ಬಾಗಿಲು ತೆರೆಯುವ ಹೊತ್ತು ಇರುತ್ತದೆ, ಮುಚ್ಚುವ ಹೊತ್ತು ಗಿರಾಕಿಯ ಕೈಯಲ್ಲಿರುತ್ತದೆ. ಮನೆಯಲ್ಲಾದರೆ ಹಂಚಿನ ಮುಂದಿನಿಂದಲೇ "ಊಟ ಮಾಡಿದ್ಯಾ" ಅಂತ ಮಗಳನ್ನು ಕೇಳಬಹುದು. ಅಂಗಡಿಯಲ್ಲಿ ಅದೂ ಇಲ್ಲ.

ಲೆಕ್ಕ ಹೀಗಿದೆ. 5 ಲಕ್ಷ ಸಾಲಕ್ಕೆ ಐದು ವರ್ಷ, ಶೇ. 11 ಬಡ್ಡಿ ಅಂದರೆ ತಿಂಗಳ ಕಂತು ಸುಮಾರು 10,900 ರೂಪಾಯಿ. ಬಾಡಿಗೆ 12 ಸಾವಿರ, ಕರೆಂಟು 2 ಸಾವಿರ, ಕೌಂಟರಿಗೆ ಒಬ್ಬರು 10 ಸಾವಿರ ಅಂತ ಇಟ್ಟುಕೊಂಡರೆ ತಿಂಗಳಿಗೆ 34,900 ರೂಪಾಯಿ ಹೊಸ ಖರ್ಚು. ನಿಮ್ಮ ಈಗಿನ ಇಡೀ ಉಳಿತಾಯಕ್ಕಿಂತ ಜಾಸ್ತಿ. ಇದರ ಮೇಲೆ ನಿಮ್ಮ ಮನೆಯವರ 20 ಸಾವಿರ ನಿಲ್ಲುತ್ತದೆ. ಅಂದರೆ ಮೊದಲ ದಿನದಿಂದಲೇ ತಿಂಗಳಿಗೆ 55 ಸಾವಿರ ಹೆಚ್ಚು ಉಳಿಸಿದರೆ ಮಾತ್ರ ಈಗಿನ ಸ್ಥಿತಿಗೆ ಬಂದು ನಿಲ್ಲುತ್ತೀರಿ. ಇಷ್ಟು ಸಾಹಸ ಮಾಡಿ, ಇದ್ದಲ್ಲೇ ಇರುವುದಕ್ಕೆ.

ಅವರ ನೌಕರಿ ಜೊತೆಗೆ ಇನ್ನೂ ಒಂದು ಹೋಗುತ್ತದೆ, ಬಹಳ ಮಂದಿ ಇದನ್ನು ಮರೆಯುತ್ತಾರೆ. ಕಾರ್ಖಾನೆಯ ನೌಕರಿಯಲ್ಲಿ ಪಗಾರ 21 ಸಾವಿರದ ಒಳಗಿದ್ದರೆ ಇಎಸ್‌ಐ, ಅಂದರೆ ನೌಕರರ ವಿಮೆ ಇರುತ್ತದೆ. ಅವರ ಪಗಾರದ ಚೀಟಿ ತೆಗೆದು ನೋಡಿ, ಅದರಲ್ಲಿ ಇಎಸ್‌ಐ ಕಡಿತ ಇದೆಯಾ ಅಂತ. ಇದ್ದರೆ ಹೆಂಡತಿ, ಮಕ್ಕಳಿಗಷ್ಟೇ ಅಲ್ಲ, ಅವರನ್ನು ಅವಲಂಬಿಸಿದ ತಂದೆ-ತಾಯಿಗೂ ಚಿಕಿತ್ಸೆ ಸಿಗುತ್ತದೆ. ಮೊಣಕಾಲು ನೋವಿನ ಅತ್ತೆ ಮನೆಯಲ್ಲಿರುವಾಗ ಅದನ್ನು ಬಿಡಬಾರದು. ಪಿಎಫ್‌ಗೆ ಮಾಲೀಕರು ಹಾಕುವ ಪಾಲೂ ನಿಲ್ಲುತ್ತದೆ. ಒಬ್ಬರ ಪಗಾರ ತಿಂಗಳಿಗೆ ಸರಿಯಾಗಿ ಬರುತ್ತಿದೆ ಅನ್ನುವ ಧೈರ್ಯದ ಮೇಲೆಯೇ ನಿಮ್ಮ ವ್ಯಾಪಾರ ಆರು ವರ್ಷ ನಿಂತಿದೆ.

ಮುದ್ರಾ ಸಾಲದ ಬಗ್ಗೆ ಯಾರಾದರೂ ಹೇಳಿರುತ್ತಾರೆ. 5 ಲಕ್ಷದವರೆಗಿನದು ಅದರಲ್ಲಿ ಕಿಶೋರ್ ವರ್ಗ, ಅಡಮಾನ ಕೇಳುವುದಿಲ್ಲ. ಅಡಮಾನ ಇಲ್ಲ ಅಂದರೆ ತೀರಿಸಬೇಕಿಲ್ಲ ಅಂತ ಅರ್ಥವಲ್ಲ. ನಿಮ್ಮದು ಒಬ್ಬರೇ ಮಾಲೀಕರಿರುವ ವ್ಯವಹಾರ. ಕಾನೂನಿನ ಕಣ್ಣಿಗೆ ವ್ಯಾಪಾರ ಬೇರೆ, ನೀವು ಬೇರೆ ಅಲ್ಲ. ಅಂಗಡಿ ಮುಚ್ಚಿದರೂ ಸಾಲ ನಿಮ್ಮ ಹೆಸರಿನಲ್ಲೇ ಇರುತ್ತದೆ. ಸಣ್ಣ ಆಹಾರ ಉದ್ದಿಮೆಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದಿಂದ ಶೇ. 35 ಸಹಾಯಧನ, ನಮ್ಮ ರಾಜ್ಯದಿಂದ ಮೇಲೆ ಶೇ. 15 ಇಟ್ಟಿದ್ದಾರೆ. ಅರ್ಧ ಪುಕ್ಕಟೆ ಅಂತ ಕುಣಿಯಬೇಡಿ. ಸಹಾಯಧನ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಸಾಲ ಸರಿಯಾಗಿ ಕಟ್ಟುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಯಂತ್ರ ತರುವ ಯೋಚನೆ ಬಂದ ದಿನ ಬ್ಯಾಂಕಿನಲ್ಲೋ, ಈ ಯೋಜನೆ ನೋಡಿಕೊಳ್ಳುವ ರಾಜ್ಯದ ನಿಗಮ ಕೆಪೆಕ್‌ನಲ್ಲೋ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಕೇಳಿ. ಬಂಗಾರ ಅಡವಿಟ್ಟು ಮಾತ್ರ ಏನೂ ಶುರು ಮಾಡಬೇಡಿ.

ಅಂಗಡಿ ಮತ್ತು ಮನೆಯ ನಡುವೆ ಇನ್ನೊಂದು ದಾರಿ ಇದೆ. ಮನೆಯ ಹತ್ತಿರ ಒಂದು ಖೋಲಿ ಬಾಡಿಗೆಗೆ ಹಿಡಿದು, ಹಂಚು, ಹಿಟ್ಟು, ಸಿಲಿಂಡರ್ ಎಲ್ಲಾ ಅಲ್ಲಿಗೆ ಸಾಗಿಸುವುದು. ಕೌಂಟರ್ ಬೇಡ, ಬೋರ್ಡ್ ಬೇಡ. ಸಂಜೆ ಕೀಲಿ ಹಾಕಿ ಬಂದರೆ ಮನೆಯಲ್ಲಿ ರೊಟ್ಟಿ ಇರುವುದಿಲ್ಲ. ಬಾಡಿಗೆ ಮೂರು-ನಾಲ್ಕು ಸಾವಿರದೊಳಗೆ ಸಿಕ್ಕರೆ ಇದು ನನಗೆ ಇಷ್ಟವಾದ ದಾರಿ. ಅಪಾಯ ಎಂದರೆ, ಬಾಡಿಗೆ ಕಟ್ಟಬೇಕಲ್ಲ ಅಂತ ಮತ್ತೆ ಸಿಕ್ಕ ಆರ್ಡರೆಲ್ಲ ಹಿಡಿಯಲು ಶುರು ಮಾಡುವುದು. ಬೆಲೆ ಸರಿ ಮಾಡಿದ ಮೇಲೆಯೇ ಖೋಲಿ ನೋಡಿ, ಮೊದಲು ಬೇಡ.

ಪೂರ್ತಿ ಬಿಡುವುದು? ಅದೂ ಒಂದು ದಾರಿಯೇ, ಸೋಲು ಅಂತ ಯಾರೂ ಅನ್ನಬಾರದು. ಆದರೆ ನಿಮ್ಮ ಪತ್ರದಲ್ಲಿ ವ್ಯಾಪಾರ ಸಾಕಾಗಿದೆ ಅನ್ನುವ ಮಾತು ಎಲ್ಲೂ ಇಲ್ಲ. ಮನೆಯ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮದು. ಮಗಳು ಕಾಲೇಜಿಗೆ ಹೋಗುವ ವರ್ಷದಲ್ಲಿ ಅದನ್ನು ನಿಲ್ಲಿಸಿದರೆ ಜಗಳ ರೊಟ್ಟಿಯಿಂದ ಫೀಸಿಗೆ ಸಾಗುತ್ತದೆ.

ನೀವು ಗಮನಿಸಬೇಕಾದ್ದು ಚಟ್ನಿಪುಡಿ. ನನ್ನ ಅಂದಾಜಿನಲ್ಲಿ ನಿಮ್ಮ ಒಳ್ಳೆಯ ವ್ಯಾಪಾರ ಅದೇ. ವಾರದಲ್ಲಿ ಎರಡು ದಿನ ಹುರಿದು, ಪುಡಿ ಮಾಡಿ ಇಟ್ಟರೆ ಮುಗಿಯಿತು. ಬಿಸಿ ಬಿಸಿ ಮುಟ್ಟಿಸುವ ಅವಸರ ಇಲ್ಲ, ಉಳಿದರೆ ಹಾಳಾಗುವುದಿಲ್ಲ. ಒಂದು ತಿಂಗಳು ರೊಟ್ಟಿಯ ತಾಸು, ಪುಡಿಯ ತಾಸು ಬೇರೆ ಬೇರೆ ಬರೆದಿಡಿ. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದರೂ ಸಾಕು. ಪುಡಿಯಲ್ಲಿ ತಾಸಿಗೆ ಹೆಚ್ಚು ಸಿಗುತ್ತಿದೆ ಅಂತ ಕಂಡರೆ ಪರೀಕ್ಷೆಯ ಮುಂಚಿನ ಎರಡು ತಿಂಗಳು ರೊಟ್ಟಿ ಅರ್ಧಕ್ಕೆ ಇಳಿಸಿ ಪುಡಿ ಜಾಸ್ತಿ ಮಾಡಬಹುದು. ಪಂಚಮಿ ಉಂಡಿ, ದೀಪಾವಳಿಯ ಫರಾಳ, ಏಪ್ರಿಲ್-ಮೇ ಮದುವೆಗಳು ಹೇಗೂ ಬರುತ್ತವೆ. ವರ್ಷಪೂರ್ತಿ ಒಂದೇ ವೇಗದಲ್ಲಿ ಓಡಬೇಕಿಲ್ಲ. ಕೆಲಸದ ಹೆಣ್ಣುಮಕ್ಕಳಿಗೆ ಮಾತ್ರ ಇದನ್ನು ಮೊದಲೇ ಹೇಳಿ, ಅವರ ಮನೆಯೂ ನಡೆಯಬೇಕಲ್ಲ.

ಅತ್ತೆ "ಬಿಟ್ಟುಬಿಡು" ಅನ್ನುತ್ತಾರೆ ಅಂದಿರಿ. ಮೊಣಕಾಲು ನೋಯುವಾಗ, ಕೈಗೆ ಒಂದು ರೂಪಾಯಿ ಬರದಾಗ ಯಾರಾದರೂ ಹಾಗೇ ಅನ್ನುತ್ತಾರೆ. ಹಂಚಿನ ಮುಂದೆ ಅವರನ್ನು ಕೂರಿಸಬೇಡಿ. ಪುಡಿಯ ಹದ, ಉಪ್ಪು-ಖಾರ ನೋಡುವ ಕೆಲಸ ಅವರದಾಗಲಿ, ಅದಕ್ಕೆ ತಿಂಗಳಿಗೆ ಇಷ್ಟು ಅಂತ ಅವರದೇ ಪಾಸ್‌ಬುಕ್ಕಿಗೆ ಹಾಕಿ. ಸಣ್ಣ ಮೊತ್ತವಾದರೂ ಪರವಾಗಿಲ್ಲ. ಹೀಗೆ ಮಾಡಿದ ಮನೆಗಳಲ್ಲಿ ಹಿರಿಯರ ಮಾತಿನ ಧಾಟಿ ಬದಲಾಗಿದ್ದನ್ನು ನಾನು ನೋಡಿದ್ದೇನೆ. ಮಗಳ ಪ್ಯಾಕಿಂಗ್ ಪರೀಕ್ಷೆ ಮುಗಿಯುವವರೆಗೆ ನಿಲ್ಲಲಿ. ಸೂಟಿಯಲ್ಲಿ ಅವಳಾಗಿ ಬಂದರೆ ಅವಳಿಗೂ ಪಗಾರ.

ನಿಮ್ಮ ಮನೆಯವರು ನೌಕರಿ ಬಿಡದೆಯೂ ವ್ಯಾಪಾರಕ್ಕೆ ಬರಬಹುದು. ದೇಶದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ನಿಮ್ಮ ಒಂಬತ್ತು ತಾಸಿನ ಮೇಲೆ ಈ ನಾಲ್ಕು-ಐದು ತಾಸೂ ಇದೆ ಅಂತ ನನ್ನ ಊಹೆ. ನೀವು ಬರೆದಿಲ್ಲ, ಯಾರೂ ಬರೆಯುವುದಿಲ್ಲ. "ಸಹಾಯ ಮಾಡ್ತೀನಿ" ಅಂದರೆ ಸಾಲದು, ಕೆಲವು ಕೆಲಸ ಪೂರ್ತಿ ಅವರ ಹೆಸರಿಗೆ ಹೋಗಬೇಕು. ಜೋಳ, ಶೇಂಗಾ ಖರೀದಿ, ಉದ್ರಿ ವಸೂಲಿ, ಕೊರಿಯರ್, ಜೊತೆಗೆ ರಾತ್ರಿಯ ಅಡುಗೆಮನೆ. ಖರೀದಿಯಲ್ಲಿ ಒಂದೆರಡು ಸಲ ತಪ್ಪು ಮಾಡುತ್ತಾರೆ, ಮಾಡಲಿ.

ಫೋನಿಗೆ ಬೇರೆ ನಂಬರ್ ತೆಗೆದುಕೊಳ್ಳಿ. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, ರಾತ್ರಿ 8ರ ಮೇಲೆ ತಾನಾಗಿಯೇ ಉತ್ತರ ಹೋಗುವ ಹಾಗೆ ಮಾಡಬಹುದು. ಅದೇ ನಂಬರಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಯುಪಿಐ. ಇದು ಮನಸ್ಸಿನ ನೆಮ್ಮದಿಗೆ ಮಾತ್ರ ಹೇಳುತ್ತಿರುವುದಲ್ಲ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ದು ನೆನಪಿರಬೇಕು. ಚೀಟಿ ದುಡ್ಡು, ತಮ್ಮ ಕಳಿಸಿದ ದುಡ್ಡು, ವ್ಯಾಪಾರದ ದುಡ್ಡು ಒಂದೇ ಖಾತೆಯಲ್ಲಿ ಇದ್ದವರಿಗೆ ಬಿಡಿಸಿ ಹೇಳುವುದೇ ಕಷ್ಟವಾಯಿತು. ವರ್ಷಕ್ಕೆ 10-11 ಲಕ್ಷದ ನಿಮ್ಮ ವ್ಯಾಪಾರ ಸರಕಿಗೆ ಇರುವ 40 ಲಕ್ಷದ ಜಿಎಸ್‌ಟಿ ನೋಂದಣಿ ಮಿತಿಗಿಂತ ಎಷ್ಟೋ ಕೆಳಗಿದೆ. ಆದರೆ ಪುಣೆಯ ಕೊರಿಯರ್ ಬೇರೆ ವಿಷಯ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ, ನೋಂದಣಿ ಬೇಕು. ರೊಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಚಟ್ನಿಪುಡಿಗೆ ಇದೆ. ಪುಣೆಯ ಆರ್ಡರ್ ತಿಂಗಳಿಗೆ ನಾಲ್ಕು ಕಿಲೊ ಆದರೆ ಅದನ್ನು ನಿಲ್ಲಿಸುವುದೇ ಸುಲಭ. ನಲವತ್ತು ಕಿಲೊ ಆದರೆ ನೋಂದಣಿ ಮಾಡಿಸಿ. ಆಹಾರ ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲದಿದ್ದರೆ ಅದನ್ನು ಈ ವಾರವೇ ಮಾಡಿಸಿ. ವರ್ಷಕ್ಕೆ 100 ರೂಪಾಯಿ ಶುಲ್ಕ, 14 ಅಂಕಿಯ ಆ ನಂಬರ್ ಪ್ಯಾಕೆಟ್ ಮೇಲೆ ಇರಬೇಕು.

ಎಲ್ಲವನ್ನೂ ಒಂದೇ ಸಲ ಮಾಡಲು ಹೋಗಬೇಡಿ. ಮೊದಲು ಖಾನಾವಳಿಯವರ ಹಳೆಯ ಬಾಕಿ ವಸೂಲಿ ಮಾಡಿ. ಆಮೇಲೆ "ಮುಂದಿನ ಒಂದನೇ ತಾರೀಖಿನಿಂದ ಸಂಜೆ ರೊಟ್ಟಿ ಆಗಲ್ಲ ರೀ, ಮಧ್ಯಾಹ್ನದ್ದು 8 ರೂಪಾಯಿ" ಅಂತ ಹೇಳಿ. ಹದಿನೈದು ದಿನ ಮುಂಚೆ ಹೇಳಿದರೆ ಅವರೂ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಮಧ್ಯಾಹ್ನದ್ದೂ ಬೇಡ ಅಂದರೆ ತಿಂಗಳಿಗೆ ಇನ್ನೊಂದು 3,000 ಹೋಗುತ್ತದೆ, ಅಷ್ಟಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಮಾತಿಗೆ ಹೋಗಿ. ಅದೇ ತಿಂಗಳು ಖಡಕ್ ರೊಟ್ಟಿಯ ಬೆಲೆ ಏರಿಸಿ. ಅಂಗಡಿಯ ಮಾತನ್ನು ಮಗಳ ಫಲಿತಾಂಶ ಬರುವವರೆಗೆ ಮುಟ್ಟಬೇಡಿ. ಆಗಲೂ ಮನಸ್ಸಿದ್ದರೆ ಮೂರು ತಿಂಗಳ ತಾಸಿನ ಲೆಕ್ಕ, ಬೆಲೆ ಏರಿಸಿದ ಮೇಲೆ ಎಷ್ಟು ಗಿರಾಕಿ ಉಳಿದರು, ಯಾರ್ಯಾರಿಗೆ ಎಷ್ಟು ಪಗಾರ ಕೊಟ್ಟಿರಿ, ಇಷ್ಟು ಬರೆದು ಕಳಿಸಿ. ಅಂಗಡಿಯ ಯೋಜನೆಯನ್ನು ಆ ಅಂಕಿಗಳ ಮೇಲೆ ಕೂತು ನೋಡೋಣ.